ಗುಂಟೆಗೊಂದು ಚುಕ್ಕೆ: ಕೊಪರ್ನಿಕಸ್ ಬ್ರೌಸರ್ ಬಳಸಿ ನೋಡಿದ ಮೇಲೆ

ಹಿರಿಯೂರು ಸೀಮೆಯ ಕೆಲವು ಹಳ್ಳಿಗಳ ಕೆರೆ, ಕಾಲುವೆ, ಕೃಷಿ ಹೊಂಡ ಮತ್ತು ತೋಟಗಳನ್ನು ನಕ್ಷೆಗಿಳಿಸುವ ಕೆಲಸಕ್ಕೆ ಎರಡು ವರ್ಷಗಳಿಂದ ಐರೋಪ್ಯ ಒಕ್ಕೂಟದ ಕೊಪರ್ನಿಕಸ್ ಬ್ರೌಸರ್ ಬಳಸುತ್ತಿದ್ದೇನೆ. ಇದು ಉಪಗ್ರಹ ಚಿತ್ರಗಳನ್ನು ತೋರಿಸುವ ಉಚಿತ ಜಾಲತಾಣ. ಕೆರೆಯ ಅಚ್ಚುಕಟ್ಟನ್ನು ಅಳೆಯಲು ಇದನ್ನು ಧಾರಾಳವಾಗಿ ನಂಬಬಹುದು; ಎರಡು ಎಕರೆಯ ಹಿಡುವಳಿಯಲ್ಲಿ ಯಾವ ಬೆಳೆಯಿದೆ ಎಂದು ಕೇಳಿದರೆ ಮಾತ್ರ ಇದರ ಉತ್ತರವನ್ನು ಅನುಮಾನದಿಂದಲೇ ನೋಡಬೇಕು.

ಇಲ್ಲಿ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು. 2015ರಲ್ಲಿ ಮೊದಲನೆಯದು, 2017ರಲ್ಲಿ ಎರಡನೆಯದು ಕಕ್ಷೆಗೆ ಸೇರಿದ ಮೇಲೆ ಸುಮಾರು ಐದು ದಿನಗಳಿಗೊಮ್ಮೆ ಅದೇ ನೆಲದ ಹೊಸ ಚಿತ್ರ ದೊರೆಯುತ್ತಿದೆ. ಉಪಗ್ರಹ ಬೆಳಕನ್ನು 13 ತರಂಗಪಟ್ಟಿಗಳಾಗಿ, ಅಂದರೆ ಬೇರೆ ಬೇರೆ ಬಣ್ಣಗಳಾಗಿ ವಿಂಗಡಿಸಿ ನೆಲವನ್ನು ನೋಡುತ್ತದೆಯಾದರೂ 10 ಮೀಟರ್ ಸ್ಪಷ್ಟತೆ ಇರುವುದು ನಾಲ್ಕರಲ್ಲಿ ಮಾತ್ರ. ಚಿತ್ರದ ಒಂದು ಚುಕ್ಕೆಯೆಂದರೆ ನೂರು ಚದರ ಮೀಟರ್ ಭೂಮಿ. ನಮ್ಮ ಗುಂಟೆ ನೂರಾ ಒಂದು ಚದರ ಮೀಟರ್ ಆಗಿರುವುದರಿಂದ, ಗುಂಟೆಗೊಂದು ಚುಕ್ಕೆ ಎಂದು ರೈತರಿಗೆ ಹೇಳಿದರೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಈ ಲೆಕ್ಕದಿಂದಲೇ ಇದರ ಮಿತಿಯೂ ತಿಳಿಯುತ್ತದೆ. 21 ಮೀಟರ್ ಉದ್ದಗಲದ ಕೃಷಿ ಹೊಂಡದ ವಿಸ್ತೀರ್ಣ ನಾಲ್ಕು ಗುಂಟೆಗಿಂತ ಸ್ವಲ್ಪ ಹೆಚ್ಚಿದ್ದರೂ, ಅಂಚಿನ ಚುಕ್ಕೆಗಳಲ್ಲಿ ದಡದ ಮಣ್ಣೂ ಬದುವಿನ ಹುಲ್ಲೂ ಬೆರೆತುಹೋಗುವುದರಿಂದ, ಪೂರ್ತಿ ನೀರೇ ಇರುವ ಚುಕ್ಕೆ ಸಾಮಾನ್ಯವಾಗಿ ಒಂದೇ ಒಂದು. 12 ಮೀಟರಿನ ಹೊಂಡ ಬಹುಮಟ್ಟಿಗೆ ಕಣ್ಣಿಗೇ ಬೀಳುವುದಿಲ್ಲ. ಸಣ್ಣ ಸೀಳುಗಾಲುವೆಯೂ ಹೀಗೆಯೇ ಮರೆಯಾಗುತ್ತದೆ, ಆದರೆ ಅದರ ನೀರು ಎಲ್ಲಿಯವರೆಗೆ ಹರಿದಿದೆ ಎಂಬುದನ್ನು ಇಕ್ಕೆಲಗಳ ಹಸಿರೇ ಹೇಳಿಬಿಡುತ್ತದೆ.

ಈ ತಾಣದ ನಿಜವಾದ ಬೆಲೆ ಗೊತ್ತಾಗುವುದು ಹಳೆಯ ಚಿತ್ರಗಳನ್ನು ತೆರೆದಾಗ. 2019ರ ಏಪ್ರಿಲ್ ತಿಂಗಳಿನ ಚಿತ್ರದಲ್ಲಿ ಕುಗ್ಗಿ ಮಲಗಿರುವ ಮಾರಿಕಣಿವೆ ಜಲಾಶಯವನ್ನು, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ 2022ರ ಮಳೆಗಾಲ ಮುಗಿದ ಮೇಲಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ, ನೀರಿನ ಜೊತೆಗೆ ಕೆಳಗಿನ ತೋಟಗಳ ಬಣ್ಣವೂ ಹೇಗೆ ಬದಲಾಯಿತೆಂಬುದನ್ನು ಮನೆಯಲ್ಲೇ ಕುಳಿತು ಕಾಣಬಹುದು. ಇದಕ್ಕೆ ಬೇಕಾಗುವುದು ದಿನಾಂಕ ಆರಿಸಿಕೊಳ್ಳುವಷ್ಟು ಇಂಗ್ಲಿಷ್ ಮಾತ್ರ. ಕನ್ನಡದ ಆಯ್ಕೆ ಇಲ್ಲದಿರುವುದು ಒಂದು ಕೊರತೆಯೇ ಸರಿ. ಸರ್ವೆ ನಂಬರುಗಳೂ ಇಲ್ಲಿಲ್ಲ. ಅವು ಬೇಕಾದಾಗ ನಾನು ನಮ್ಮ ರಾಜ್ಯದ ದಿಶಾಂಕ್ ಆ್ಯಪ್ ತೆರೆಯುತ್ತೇನೆ.

ಬೆಳೆ ಗುರುತಿಸುವ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿಯೇ ಏಮಾರಿದ್ದೇನೆ. ಹಸಿರೆಲೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಲವಾಗಿ ಪ್ರತಿಫಲಿಸುವುದರಿಂದ, ಆ ಕಿರಣಗಳನ್ನು ಕೆಂಪಾಗಿ ತೋರಿಸುವ ಹುಸಿಬಣ್ಣದ ಚಿತ್ರದಲ್ಲಿ ಸೊಂಪಾದ ಬೆಳೆ ಕಡುಗೆಂಪಾಗಿ ಕಾಣುತ್ತದೆ. ಸುಡುಬಿಸಿಲಿನ ಏಪ್ರಿಲ್‌ನಲ್ಲಿ ಅಂಥದೊಂದು ದೊಡ್ಡ ಕೆಂಪು ತೇಪೆಯನ್ನು ಕಂಡು, ಕೊಳವೆಬಾವಿಯ ಅಡಿಕೆ ತೋಟವೆಂದು ಗುರುತು ಹಾಕಿ, ಸ್ಥಳಕ್ಕೆ ಹೋದೆ. ಅಲ್ಲಿದ್ದದ್ದು ಒಣಗಿದ ಕೆರೆಯಂಗಳ, ಅದರ ತುಂಬ ಬಳ್ಳಾರಿ ಜಾಲಿ. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರು, "ಎಲ್ಲೈತಪ್ಪಾ ಅಡಿಕೆ?" ಎಂದು ನಕ್ಕರು. ನನ್ನದು ಬಿಟ್ಟಿ ಚಿತ್ರ ನೋಡಿ ಮಾಡಿದ ತಪ್ಪು. ಎಕರೆ ಲೆಕ್ಕದಲ್ಲಿ ಹಣ ಪಡೆದ ಖಾಸಗಿ ಸಂಸ್ಥೆಯೊಂದು ಕೊಟ್ಟ ಬಣ್ಣಬಣ್ಣದ ಬೆಳೆ ನಕ್ಷೆಯಲ್ಲಿಯೂ ಅದೇ ಕೆರೆಯಂಗಳ ತೋಟವಾಗಿಯೇ ಕುಳಿತಿತ್ತು.

ಮುಂಗಾರಿನಲ್ಲಿ ಮೋಡ ದೊಡ್ಡ ತೊಡಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ಚಿತ್ರಗಳಲ್ಲಿ ನೆಲವೇ ಕಾಣದು. ಆಗ ಅದೇ ತಾಣದ ಸೆಂಟಿನೆಲ್-1 ರೇಡಾರ್ ಚಿತ್ರಗಳಿಗೆ ಹೋಗಬೇಕು. ಅವು ಮೋಡವನ್ನೂ ಇರುಳನ್ನೂ ಲೆಕ್ಕಿಸುವುದಿಲ್ಲ, ನಿಂತ ನೀರನ್ನು ಕಪ್ಪಾಗಿ ತೋರಿಸುತ್ತವೆ. ಆದರೆ ಗಾಳಿಗೆ ಅಲೆ ಎದ್ದ ಕೆರೆ ಕಪ್ಪಾಗದೆ ಮಾಸಲಾಗಿ ಕಂಡು ದಾರಿ ತಪ್ಪಿಸುವುದುಂಟು. ಹಾಗಾಗಿ ಹೊಂಡಗಳ ಎಣಿಕೆಯನ್ನು ನಾನು ಈಗ ನವೆಂಬರ್‌ಗೆ ಇಟ್ಟುಕೊಂಡಿದ್ದೇನೆ: ಮೋಡ ಸರಿದಿರುತ್ತದೆ, ಹೊಂಡದಲ್ಲಿ ನೀರು ಇನ್ನೂ ಉಳಿದಿರುತ್ತದೆ, ನಡೆದು ನೋಡಲು ಬಿಸಿಲೂ ಹಿತವಾಗಿರುತ್ತದೆ.