ವಿಶ್ವವಿದ್ಯಾಲಯದ ನೈತಿಕತಾ ಸಮಿತಿಯ ಸೇವೆ: ಸಭೆಗೆ ಪೂರ್ಣ ಅಂಕ, ಕಚೇರಿಗೆ ಅರ್ಧ

ಶಿವಮೊಗ್ಗ ಸೀಮೆಯ ವಿಶ್ವವಿದ್ಯಾಲಯವೊಂದರ ಸಾಂಸ್ಥಿಕ ನೈತಿಕತಾ ಸಮಿತಿಗೆ ಮಂಗನ ಕಾಯಿಲೆಯ ಅಧ್ಯಯನವೊಂದರ ಪ್ರಸ್ತಾವ ಸಲ್ಲಿಸಿ, ಅನುಮೋದನೆ ಪಡೆದು, ಹಳ್ಳಿಗಳಲ್ಲಿ ಕೆಲಸವನ್ನೂ ಮುಗಿಸಿದ ತಂಡದಲ್ಲಿ ನಾನಿದ್ದೆ. ಹೋಟೆಲು, ಹೋಮ್‌ಸ್ಟೇಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಸಂಶೋಧನಾ ವಿದ್ಯಾರ್ಥಿಗಳು ಬೇಕೆಂದರೂ ಬೇಡವೆಂದರೂ ಬಳಸಲೇಬೇಕಾದ ಈ ಸೇವೆಯ ಗುಣಾವಗುಣಗಳನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಕ್ಯಾಂಟೀನಿನಲ್ಲಿ ಗೊಣಗಿ ಸುಮ್ಮನಾಗುತ್ತಾರೆ.

ಮನುಷ್ಯರಿಂದ ರಕ್ತದ ಮಾದರಿ ಪಡೆಯುವ ಸಂಶೋಧನೆಯು ಇಂತಹ ಸಮಿತಿಯ ಒಪ್ಪಿಗೆಯಿಲ್ಲದೆ ಆರಂಭವಾಗಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರೂ ಸಮಾಜ ವಿಜ್ಞಾನಿಯೂ ಜನಸಾಮಾನ್ಯರ ಪರವಾಗಿ ಒಬ್ಬರೂ ಇರಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಾವಳಿ ಬಂದ ಮೇಲೆ ಆರೋಗ್ಯ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿಗಳು ತಾವೇ ನೋಂದಣಿ ಮಾಡಿಸಿಕೊಳ್ಳಬೇಕಾಗಿದೆ. ಇಲ್ಲಿ ಕಾಗದಪತ್ರಗಳ ಮಟ್ಟಿಗೆ ಎಲ್ಲವೂ ಕ್ರಮಬದ್ಧವಾಗಿದೆ; ನೋಂದಣಿ ಪತ್ರವನ್ನು ಕಟ್ಟು ಹಾಕಿಸಿ ಕಚೇರಿಯ ಗೋಡೆಗೇ ತೂಗುಹಾಕಿದ್ದಾರೆ.

ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಸಭೆಯಲ್ಲಿ. ನಮ್ಮ ತಂಡದ ಸಹಮಾರ್ಗದರ್ಶಕರು ಸಮಿತಿಯ ಸದಸ್ಯರೂ ಆಗಿದ್ದರು. ನಮ್ಮ ಪ್ರಸ್ತಾವ ಚರ್ಚೆಗೆ ಬರುವ ಮೊದಲೇ ಅಧ್ಯಕ್ಷರು ಅವರನ್ನು ಹೊರಗೆ ಕಳುಹಿಸಿ, ಅದನ್ನು ನಡಾವಳಿಯಲ್ಲಿ ಬರೆಸಿಕೊಂಡರು. ಆ ಬಳಿಕ ಮೊದಲ ಪ್ರಶ್ನೆ ಕೇಳಿದವರು ವೈದ್ಯರಲ್ಲ, ಜನಸಾಮಾನ್ಯರ ಪರವಾಗಿ ಬಂದಿದ್ದ ನಿವೃತ್ತ ಶಿಕ್ಷಕಿ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರಿಗೆ ಅಡಿಕೆ ಸುಲಿದಷ್ಟಕ್ಕೇ ಕೂಲಿ; ನೀವು ಅವರನ್ನು ಎಬ್ಬಿಸಿ ಒಂದು ಗಂಟೆ ಪ್ರಶ್ನೆ ಕೇಳಿ ರಕ್ತ ತೆಗೆದುಕೊಂಡರೆ ಆ ಗಂಟೆಯ ಕೂಲಿಯನ್ನು ಯಾರು ಕೊಡುತ್ತಾರೆ ಎಂದರು. ಹಣದ ಆಸೆಗೆ ಜನ ಒಪ್ಪಿಕೊಳ್ಳುವಂತಾಗಬಾರದು, ಹಾಗೆಂದು ಅವರಿಗೆ ನಷ್ಟವೂ ಆಗಬಾರದು ಎಂಬ ಲೆಕ್ಕದಲ್ಲಿ ಒಂದು ಮೊತ್ತವನ್ನು ಅಲ್ಲೇ ಗೊತ್ತುಪಡಿಸಿದರು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿತ್ತು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಎದುರಿಗಿದ್ದು ಸಹಿ ಹಾಕಬೇಕೆಂಬುದು ನಿಯಮ. ನಮ್ಮ ಪ್ರಸ್ತಾವದಲ್ಲಿ ಸಾಕ್ಷಿಯೆಂದು ಸೂಚಿಸಿದ್ದು ಊರಿನ ಆಶಾ ಕಾರ್ಯಕರ್ತೆಯನ್ನು. ಮನೆಗಳ ಪಟ್ಟಿ ಕೊಟ್ಟವರೂ ಅವರೇ, ನಮ್ಮೊಂದಿಗೆ ಮನೆ ಮನೆಗೆ ಬರುವವರೂ ಅವರೇ. ಮಗುವಿನ ಚುಚ್ಚುಮದ್ದಿಗೆ ನಾಳೆ ಅವರ ಮುಖವನ್ನೇ ನೋಡಬೇಕಾದ ತಾಯಿ ಇಂದು ಒಲ್ಲೆನೆಂದು ಹೇಗೆ ಹೇಳಿಯಾಳು ಎಂದು ವಕೀಲ ಸದಸ್ಯರು ಕೇಳಿದರು. ಸಾಕ್ಷಿಯನ್ನು ಕುಟುಂಬದವರೇ ಆರಿಸಿಕೊಳ್ಳಲಿ ಎಂದು ತಿದ್ದುಪಡಿಯಾಯಿತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ರೋಗ ಪತ್ತೆಯಾದಂದಿನಿಂದ ಈ ಜಿಲ್ಲೆಯ ಜನ ರಕ್ತ ಕೊಡುತ್ತಲೇ ಬಂದಿದ್ದಾರೆ. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ 2018–19ರಲ್ಲಿ ರೋಗ ಉಲ್ಬಣಿಸಿದ ಮೇಲಂತೂ ಪೆಟ್ಟಿಗೆ ಹಿಡಿದು ಬರುವವರು ಕಾಡಂಚಿನ ಮನೆಗಳಿಗೆ ಹೊಸಬರೇನಲ್ಲ. ಅದಕ್ಕೇ ಸಮಿತಿಯು ಪರೀಕ್ಷೆಯ ಫಲಿತಾಂಶವನ್ನು ಆಯಾ ಮನೆಗೆ ತಲುಪಿಸುವ ಕ್ರಮವನ್ನು ಬರೆದು ಕೊಡದ ಹೊರತು ಅನುಮೋದನೆಯಿಲ್ಲ ಎಂದು ಪಟ್ಟು ಹಿಡಿಯಿತು. ವರ್ಷಗಟ್ಟಲೆ ಮಾರ್ಗಸೂಚಿ ಓದಿದ್ದಕ್ಕಿಂತ ಹೆಚ್ಚನ್ನು ಆ ಮಧ್ಯಾಹ್ನ ಕಲಿತೆವು ಎಂದರೆ ಉತ್ಪ್ರೇಕ್ಷೆಯಲ್ಲ.

ಕಚೇರಿಯ ಬಗ್ಗೆ ಇದೇ ಮಾತು ಹೇಳಲಾರೆ. ಸಭೆ ಸೇರುವುದು ಮೂರು ತಿಂಗಳಿಗೊಮ್ಮೆ. ಮಂಗನ ಕಾಯಿಲೆಯ ಕಾಲವೋ ಡಿಸೆಂಬರಿನ ಆಸುಪಾಸಿನಲ್ಲಿ ಆರಂಭವಾಗಿ ಮಳೆ ಹಿಡಿಯುವಷ್ಟರಲ್ಲಿ ಮುಗಿಯುತ್ತದೆ. ಒಂದು ಸಭೆ ತಪ್ಪಿದರೆ ಒಂದು ವರ್ಷವೇ ಹೋದಂತೆ. ಅಪಾಯ ತೀರಾ ಕಡಿಮೆಯಿರುವ ಅಧ್ಯಯನಗಳನ್ನು ಪೂರ್ಣ ಸಭೆಗೆ ಕಾಯಿಸದೆ ತ್ವರಿತವಾಗಿ ಪರಿಶೀಲಿಸಲು, ಸಾರ್ವಜನಿಕವಾಗಿ ಲಭ್ಯವಿರುವ ದತ್ತಾಂಶವನ್ನಷ್ಟೇ ಬಳಸುವವರಿಗೆ ವಿನಾಯಿತಿ ನೀಡಲು ಮಾರ್ಗಸೂಚಿಯಲ್ಲೇ ಅವಕಾಶವಿದೆ. ಈ ಕಚೇರಿಯಲ್ಲಿ ಎಲ್ಲ ಕಡತಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಜನಗಣತಿಯ ಅಂಕಿಅಂಶಗಳ ಮೇಲೆ ಪ್ರಬಂಧ ಬರೆಯುವ ಹುಡುಗನೂ ರಕ್ತ ತೆಗೆಯುವ ನಾವೂ ಅಲ್ಲಿ ಸಮಾನರು. ಈ ಕಾಯಿಲೆಯನ್ನು ಹರಡುವ ಉಣುಗುಗಳನ್ನು ಸಂಗ್ರಹಿಸಲು ಅಭಯಾರಣ್ಯದೊಳಗೆ ಹೋಗುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೆನ್ನುವುದು ಸರಿಯೇ. ಮನೆಯ ಜಗಲಿಯ ಮೇಲೆ ಕುಳಿತು ಪ್ರಶ್ನಾವಳಿ ತುಂಬಿಸುವವರಿಂದಲೂ ಅದರ ಪ್ರತಿಯನ್ನು ಕೇಳುವುದು ಏತಕ್ಕೆ? ಗುಮಾಸ್ತರು ಸೌಜನ್ಯವಂತರು, ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲ, ಅರ್ಜಿ ನಮೂನೆ ಕನ್ನಡದಲ್ಲೂ ಸಿಗುತ್ತದೆ.

ಅನುಮೋದನಾ ಪತ್ರ ಕೈಸೇರಿದ ಮೇಲೆ ಸಮಿತಿ ಕಣ್ಣಿಗೇ ಬೀಳುವುದಿಲ್ಲ. ನಡೆಯುತ್ತಿರುವ ಅಧ್ಯಯನವನ್ನು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕು. ನಾವಾಗಿಯೇ ಕಳುಹಿಸಿದ ವರದಿಗೆ ಸ್ವೀಕೃತಿಯ ಮೊಹರು ಬಿತ್ತೇ ಹೊರತು ಒಂದು ಪ್ರಶ್ನೆಯೂ ಬರಲಿಲ್ಲ. ಇದಕ್ಕಿಂತ ಗಂಭೀರವಾದದ್ದು ದೂರವಾಣಿಯ ವಿಷಯ. ಭಾಗವಹಿಸಿದವರು ತಮ್ಮ ಹಕ್ಕಿನ ಬಗ್ಗೆ ಕೇಳಬೇಕೆಂದರೆ ಸಂಶೋಧಕರನ್ನು ದಾಟಿ ನೇರವಾಗಿ ಸಮಿತಿಗೇ ಕರೆ ಮಾಡಲೆಂದು ಪ್ರತಿ ಮಾಹಿತಿ ಪತ್ರದಲ್ಲೂ ಸಮಿತಿಯ ಸಂಖ್ಯೆ ಇರಬೇಕು. ಇರುವುದು ಕಚೇರಿಯ ಸ್ಥಿರ ದೂರವಾಣಿ. ಹೊಸನಗರದ ಕಡೆಯ ಕೂಲಿಕಾರರೊಬ್ಬರು ಕೆಲಸ ಮುಗಿಸಿ, ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ ಸಂಜೆ ಹೊತ್ತಿಗೆ ಕರೆ ಮಾಡಿದರೆ ಅದು ಬೀಗ ಹಾಕಿದ ಕೋಣೆಯಲ್ಲಿ ರಿಂಗಣಿಸಿ ಸುಮ್ಮನಾಗುತ್ತದೆ. ನಮ್ಮ ಅಧ್ಯಯನದಲ್ಲಿ ಹೀಗೆಯೇ ಆಯಿತು. ಅವರು ಕೊನೆಗೆ ಕರೆ ಮಾಡಿದ್ದು ನಮಗೇ, ಹೇಳಬೇಕಿದ್ದದ್ದು ನಮ್ಮ ಮೇಲಿನ ದೂರನ್ನೇ. ಸಭೆಯಲ್ಲಿ ಸಾಕ್ಷಿಯ ನಿಷ್ಪಕ್ಷಪಾತದ ಬಗ್ಗೆ ಅಷ್ಟು ಎಚ್ಚರ ವಹಿಸಿದ ಸಮಿತಿಗೆ ಈ ಸಂಖ್ಯೆ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತದೆಂದು ಕೇಳಬೇಕೆನಿಸದಿದ್ದುದು ಆಶ್ಚರ್ಯ.

ಈ ಸಮಿತಿಯ ಮುಂದೆ ಹೋಗುವವರು ಚಳಿಗಾಲದ ಕೆಲಸಕ್ಕೆ ಮಳೆಗಾಲದ ಆರಂಭದಲ್ಲೇ ಅರ್ಜಿ ಹಾಕುವುದು ಒಳ್ಳೆಯದು. ಒಂದು ಸುತ್ತಿನ ತಿದ್ದುಪಡಿ ಬಂದೇ ಬರುತ್ತದೆ, ಅದು ಬರಲೂ ಬೇಕು. ದೂರವಾಣಿಯ ವಿಷಯವನ್ನು ಸದಸ್ಯ ಕಾರ್ಯದರ್ಶಿಯವರಿಗೆ ಲಿಖಿತವಾಗಿ ತಿಳಿಸಿದ್ದೇವೆ. ಸಂಜೆ ವೇಳೆಯೂ ಉತ್ತರಿಸುವ ಮೊಬೈಲ್ ಸಂಖ್ಯೆಯೊಂದನ್ನು ಒದಗಿಸುವುದಾಗಿ ಅವರು ಹೇಳಿದ್ದಾರೆ, ಆದರೆ ಹೊಸ ಅರ್ಜಿ ನಮೂನೆಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಅಚ್ಚಾಗಿದೆ.