ಕರೆಂಟ್ ಹೋದ್ರ ಮೀನಿಗೆ ಯಾವ್ದು ಚೊಲೊ, ಬ್ಯಾಟರಿ ಪಂಪೋ ಇನ್ವರ್ಟರೋ?

ನಮ್ಮ ವಿಜಯಪುರದ ಬ್ಯಾಸಗಿಯಾಗ ನೀರು ಬಿಸಿ ಆದಷ್ಟು ಅದರಾಗ ಆಕ್ಸಿಜನ್ ಕಡಿಮಿ ನಿಲ್ತದ, ಅದಕ್ಕ ಕರೆಂಟ್ ಹೋದ ಕೂಡ್ಲೆ ಮೊದಲ ನೋಡೂದು ಗಾಳಿ. ಸಣ್ಣ ಟ್ಯಾಂಕಿಗೆ ಯುಎಸ್‌ಬಿ ಚಾರ್ಜಿಂಗ್ ಬ್ಯಾಟರಿ ಏರ್ ಪಂಪ್ (ನೀರಿಗೆ ಗಾಳಿ ಊದೂದು) ಸಾಕ್ರಿ, ಕರೆಂಟ್ ಹೋದ್ರ ತಾನ ಚಾಲೂ ಆಗೂ ಮಾಡೆಲ್ಲೂ ಸಿಗ್ತಾವು, ಸ್ಪಾಂಜ್ ಫಿಲ್ಟರಿಗೆ ಪೈಪ್ ಹಚ್ಚಿದ್ರ ಗಾಳಿನೂ ಆತು, ಅದರೊಳಗಿನ, ಮೀನಿನ ಹೊಲಸು ಅರಗಿಸೂ ಒಳ್ಳೆ ಬ್ಯಾಕ್ಟೀರಿಯಾನೂ ಉಳೀತಾವು. ಮನ್ಯಾಗ ಇನ್ವರ್ಟರ್ ಇದ್ರ ಬ್ಯಾರೆ ಖರ್ಚಿಲ್ಲ, 5 ವ್ಯಾಟಿನ ಪಂಪ್ ಅದಕ್ಕ ಭಾರ ಅಲ್ಲ, ಆದ್ರ ಫ್ಯಾನು ಟಿವಿ ಎಲ್ಲಾ ಹಚ್ಚಿ ಕುಂತ್ರ ನಡುರಾತ್ರಿ ಬ್ಯಾಟರಿ ಖಾಲಿ. ಟ್ಯಾಂಕಿನ ಹೀಟರ್ ಅಂತೂ ಇನ್ವರ್ಟರ್ ಮ್ಯಾಲೆ ನಡಸಬ್ಯಾಡ್ರಿ. ದೊಡ್ಡ ಗೋಲ್ಡ್‌ಫಿಶ್ ಸಾಕಿದವ್ರು ಎರಡೂ ಇಟ್ಕೋರಿ, ಒಂದ ತಗೊಳ್ಳೂದಿದ್ರ ನಾ ಪಂಪ್ ಅಂತೀನಿ. ಕರೆಂಟ್ ಬರೂತನಕ ಫುಡ್ ಹಾಕಬ್ಯಾಡ್ರಿ, ನೀರು ಕೆಡ್ತದ.