ಫಾಸ್ಟ್ಯಾಗ್‌ನಲ್ಲಿ ದುಡ್ಡಿದ್ದೂ ಡಬಲ್ ಟೋಲ್ ಕಟ್ಟಬೇಡಿ, ಹಳೆ ಟ್ಯಾಗಿನ ದುಡ್ಡನ್ನೂ ಬಿಡಬೇಡಿ

"ಸಾರ್, ಬ್ಲಾಕ್‌ಲಿಸ್ಟ್ ತೋರಿಸ್ತಿದೆ, ಡಬಲ್ ಆಗುತ್ತೆ."

ಟೋಲ್ ಗೇಟಿನ ಹುಡುಗ ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಒತ್ತಿರುತ್ತಾನೆ. ಕಾರಿನಲ್ಲಿ ಮಕ್ಕಳು, ಹೊರಗೆ ಬಿಸಿಲು. ನೂರು ರೂಪಾಯಿ ಟೋಲಿಗೆ ಇನ್ನೂರು ಕೊಟ್ಟು ಗಾಡಿ ಮುಂದೆ ತೆಗೆಯುತ್ತಾರೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಆ್ಯಪ್ ತೆಗೆದು ನೋಡಿದರೆ ಆರುನೂರು ರೂಪಾಯಿ ಬ್ಯಾಲೆನ್ಸ್ ಹಾಗೇ ಇರುತ್ತದೆ! ರಸೀದಿ ಕೇಳಿ ಪಡೆದಿರುವುದಿಲ್ಲ. ಆ ನೂರು ರೂಪಾಯಿ ಅಲ್ಲಿಗೆ ಹೋಯಿತು.

ಬೆಂಗಳೂರು–ಮೈಸೂರು ಹೆದ್ದಾರಿ ಇರಲಿ, ತುಮಕೂರು ರಸ್ತೆ ಇರಲಿ, ಇದು ದಿನಾ ನಡೆಯುವ ಸಂಗತಿ. ಗೇಟಿನಲ್ಲಿ ಹೇಳುವ ಮಾತು ಒಂದೇ ಆದರೂ ಅದರ ಹಿಂದಿನ ಕಾರಣಗಳು ಬೇರೆ ಬೇರೆ. ಕೆಲವುಗಳಲ್ಲಿ ಹೆಚ್ಚು ಕಟ್ಟಲೇಬೇಕು, ಕೆಲವುಗಳಲ್ಲಿ ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ. ಯಾವುದು ಯಾವುದೆಂದು ಗೇಟಿಗೆ ಹೋಗುವ ಮೊದಲೇ ಗೊತ್ತಿರಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ ಇದು: ದುಡ್ಡು ಒಂದು ಟ್ಯಾಗಿನಲ್ಲಿ, ಗಾಜಿನ ಮೇಲಿರುವುದು ಇನ್ನೊಂದು ಟ್ಯಾಗ್. ಒಂದು ವಾಹನಕ್ಕೆ ಒಂದೇ ಫಾಸ್ಟ್ಯಾಗ್ ಎಂಬ ನಿಯಮ ಈಗ ಜಾರಿಯಲ್ಲಿದೆ. ಬೇರೆ ಬ್ಯಾಂಕಿನ ಟ್ಯಾಗ್ ತೆಗೆದುಕೊಂಡು ಅದು ನೋಂದಣಿಯಾದರೆ ಹಳೆಯದು ನಿಂತುಹೋಗುತ್ತದೆ. ಆದರೆ ನಿಮ್ಮ ಯುಪಿಐ ಆ್ಯಪಿನಲ್ಲಿ ಹಳೆ ಬ್ಯಾಂಕಿನ ಹೆಸರೇ ಉಳಿದಿರುತ್ತದೆ. ಅವಸರದಲ್ಲಿ ಅದನ್ನೇ ಒತ್ತಿ ಐನೂರು ಹಾಕುತ್ತೀರಿ. 'ರೀಚಾರ್ಜ್ ಯಶಸ್ವಿ' ಎಂದು ಹಸಿರು ಗುರುತೂ ಬರುತ್ತದೆ. ದುಡ್ಡು ಹೋಗಿ ಕೂರುವುದು ಮಾತ್ರ ಸತ್ತ ಟ್ಯಾಗಿನ ವಾಲೆಟ್‌ನಲ್ಲಿ.

ಇದನ್ನು ತಪ್ಪಿಸಲು ಎರಡು ನಿಮಿಷ ಸಾಕು. ಫಾಸ್ಟ್ಯಾಗ್ ಪಾವತಿ ವ್ಯವಸ್ಥೆ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಜಾಲತಾಣದಲ್ಲಿ ಫಾಸ್ಟ್ಯಾಗ್ ಸ್ಥಿತಿ ನೋಡುವ ಪುಟವಿದೆ. ಗಾಡಿ ನಂಬರ್ ಹಾಕಿದರೆ ಆ ಗಾಡಿಗೆ ಯಾವ ಬ್ಯಾಂಕಿನ ಟ್ಯಾಗ್ ಇದೆ, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಎಂಬುದೆಲ್ಲ ಬರುತ್ತದೆ. ಅಲ್ಲಿ ಚಾಲ್ತಿಯಲ್ಲಿದೆ ಎಂದು ತೋರಿಸುವ ಬ್ಯಾಂಕಿನ ಹೆಸರೂ ನಿಮ್ಮ ಆ್ಯಪಿನಲ್ಲಿ ಉಳಿದಿರುವ ಹೆಸರೂ ಒಂದೇ ಇರಬೇಕು. ಬೇರೆಯಾಗಿದ್ದರೆ ಆ್ಯಪಿನಿಂದ ಹಳೆಯದನ್ನು ಇವತ್ತೇ ಅಳಿಸಿ. ರೀಚಾರ್ಜ್ ಮಾಡುವಾಗಲೂ ಹಣ ಒತ್ತುವ ಮೊದಲು ಪರದೆಯ ಮೇಲೆ ಬರುವ ಮಾಲೀಕರ ಹೆಸರು ಮತ್ತು ಬ್ಯಾಲೆನ್ಸನ್ನು ಓದಿ. ಬರಬೇಕಾದ ಬ್ಯಾಲೆನ್ಸ್ ಅಲ್ಲದೆ ಬೇರೇನೋ ಬಂದರೆ ಅಲ್ಲಿಗೇ ನಿಲ್ಲಿಸಿ.

ಎರಡನೆಯದು ಭದ್ರತಾ ಠೇವಣಿಯ ಲೆಕ್ಕ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಟ್ಯಾಗ್ ಕೊಡುವಾಗ ಬ್ಯಾಂಕು ಕಾರಿಗೆ ಸಾಮಾನ್ಯವಾಗಿ 200–250 ರೂಪಾಯಿ ಠೇವಣಿ ಇಟ್ಟುಕೊಂಡಿರುತ್ತದೆ. ಕಾರು, ಜೀಪು, ವ್ಯಾನುಗಳಿಗೆ ಕನಿಷ್ಠ ಬ್ಯಾಲೆನ್ಸ್ ಕಡ್ಡಾಯವಲ್ಲ ಎಂದು ಹೆದ್ದಾರಿ ಪ್ರಾಧಿಕಾರ 2021ರ ಫೆಬ್ರವರಿಯಲ್ಲಿ ಹೇಳಿತು. ಹಾಗಾಗಿ ವಾಲೆಟ್‌ನಲ್ಲಿ 20 ರೂಪಾಯಿ ಇದ್ದರೂ 150ರ ಟೋಲನ್ನು ಗಾಡಿ ದಾಟಬಹುದು, ಬ್ಯಾಲೆನ್ಸ್ ಮೈನಸ್ 130 ಆಗುತ್ತದೆ. ಆ 130ನ್ನು ಬ್ಯಾಂಕು ಠೇವಣಿಯಿಂದ ತೆಗೆದುಕೊಳ್ಳಬಹುದು, ಮುಂದಿನ ರೀಚಾರ್ಜಿನಲ್ಲಿ ಠೇವಣಿಯನ್ನು ಮತ್ತೆ ತುಂಬಿಸಿಕೊಳ್ಳುತ್ತದೆ. ನೀವು 200 ಹಾಕುತ್ತೀರಿ, ಅದರಲ್ಲಿ 130 ಠೇವಣಿಗೆ ಹೋಗಿ ಬಳಸಲು ಉಳಿಯುವುದು 70. ಮುಂದಿನ ಗೇಟಿನಲ್ಲಿ 150 ಹೋಗಿ ಬ್ಯಾಲೆನ್ಸ್ ಮತ್ತೆ ಮೈನಸ್ 80 ಆಗುತ್ತದೆ, ಅದರಾಚೆಯ ಗೇಟಿನಲ್ಲಿ ಟ್ಯಾಗ್ ನಡೆಯುವುದಿಲ್ಲ. "ಈಗ ತಾನೇ ಇನ್ನೂರು ಹಾಕಿದೆನಲ್ಲ" ಎಂದು ಗೇಟಿನಲ್ಲಿ ಜಗಳ ಶುರುವಾಗುವುದು ಇಲ್ಲೇ. ಬ್ಯಾಲೆನ್ಸ್ ಮೈನಸ್ ಆಗಿದ್ದ ಗಾಡಿಗೆ ಮುಂದಿನ ಟೋಲಿನ ಮೊತ್ತದ ಜೊತೆ ಆ ಮೈನಸ್ ಮೊತ್ತವನ್ನೂ ಸೇರಿಸಿಯೇ ಹಾಕಬೇಕು.

ಮೂರನೆಯದು ಸಮಯ. 2025ರ ಫೆಬ್ರವರಿ 17ರಿಂದ ಎನ್‌ಪಿಸಿಐ ಒಂದು ನಿಯಮ ತಂದಿತು. ರೀಡರ್ ಟ್ಯಾಗ್ ಓದುವ ಹೊತ್ತಿಗೆ 60 ನಿಮಿಷಕ್ಕೂ ಹಿಂದಿನಿಂದ ಟ್ಯಾಗ್ ನಿಷ್ಕ್ರಿಯವಾಗಿದ್ದು, ಓದಿದ 10 ನಿಮಿಷದ ತನಕವೂ ಹಾಗೇ ಇದ್ದರೆ ಆ ವ್ಯವಹಾರ ತಿರಸ್ಕೃತವಾಗುತ್ತದೆ. ಬ್ಯಾಂಕಿನ ದಾಖಲೆಯಲ್ಲಿ 176 ಎಂಬ ಸಂಕೇತ ಬರುತ್ತದೆ. ಗೇಟಿಗೆ ಬಂದು ರೀಚಾರ್ಜ್ ಮಾಡಿದರೆ ಪ್ರಯೋಜನವಿಲ್ಲ ಎಂಬ ಸುದ್ದಿ ಆಗ ಎಲ್ಲ ಕಡೆ ಹಬ್ಬಿತು. ರಾಷ್ಟ್ರೀಯ ಹೆದ್ದಾರಿಗಳ ಮಟ್ಟಿಗೆ ಅದು ಸರಿಯಲ್ಲ. ಅಲ್ಲಿನ ಪ್ಲಾಜಾಗಳು ಐಸಿಡಿ 2.5 ಎಂಬ ಹೊಸ ತಾಂತ್ರಿಕ ವ್ಯವಸ್ಥೆಯಲ್ಲಿವೆ, ಟ್ಯಾಗಿನ ಸ್ಥಿತಿ ಆಗಿಂದಾಗಲೇ ತಿಳಿಯುತ್ತದೆ, ದಾಟುವ ಮೊದಲು ಯಾವಾಗ ಬೇಕಾದರೂ ರೀಚಾರ್ಜ್ ಮಾಡಬಹುದು ಎಂದು ಪ್ರಾಧಿಕಾರವೇ ಸ್ಪಷ್ಟಪಡಿಸಿತು. ತೊಡಕಿದ್ದದ್ದು ರಾಜ್ಯ ಹೆದ್ದಾರಿಗಳ ಕೆಲವು ಪ್ಲಾಜಾಗಳಲ್ಲಿ, ಅವು ಆಗ ಇನ್ನೂ ಹಳೆಯ ಐಸಿಡಿ 2.4ರಲ್ಲೇ ಇದ್ದವು. ರಾಜ್ಯ ಹೆದ್ದಾರಿ ಹಿಡಿಯುವವರು ಹೊರಡುವ ಹಿಂದಿನ ರಾತ್ರಿಯೇ ರೀಚಾರ್ಜ್ ಮಾಡುವುದು ಕ್ಷೇಮ.

ಇನ್ನು ಗೇಟಿನಲ್ಲಿ ಏನು ಮಾಡಬೇಕು. 2025ರ ನವೆಂಬರ್ 15ರಿಂದ ದಂಡದ ಲೆಕ್ಕ ಬದಲಾಗಿದೆ. ಟ್ಯಾಗ್ ಇಲ್ಲದ ಅಥವಾ ಟ್ಯಾಗ್ ಚಾಲ್ತಿಯಲ್ಲಿಲ್ಲದ ಗಾಡಿ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು. ನೂರರ ಟೋಲಿಗೆ ನಗದಾದರೆ 200, ಯುಪಿಐ ಆದರೆ 125. ತಪ್ಪು ನಮ್ಮದೇ ಎಂದು ಗೊತ್ತಾದಾಗಲೂ ನೋಟು ತೆಗೆಯಬೇಡಿ, ಯುಪಿಐ ಕೇಳಿ. ಇದನ್ನು ಗೇಟಿನವರೇ ಬಾಯಿಬಿಟ್ಟು ಹೇಳಲಿ ಎಂದು ಕಾಯಬೇಡಿ.

ತಪ್ಪು ನಿಮ್ಮದಲ್ಲದಿದ್ದರೆ ಮಾತೇ ಬೇರೆ. ಟ್ಯಾಗ್ ಚಾಲ್ತಿಯಲ್ಲಿದ್ದು, ಸಾಕಷ್ಟು ಬ್ಯಾಲೆನ್ಸೂ ಇದ್ದು, ಗೇಟಿನ ಯಂತ್ರವೇ ಓದದಿದ್ದರೆ ಆ ಗಾಡಿಯನ್ನು ಹಣ ಪಡೆಯದೆ ಬಿಡಬೇಕು, ಶೂನ್ಯ ಮೊತ್ತದ ರಸೀದಿಯನ್ನೂ ಕೊಡಬೇಕು. 2018ರ ಮೇ ತಿಂಗಳ ಅಧಿಸೂಚನೆಯಿಂದಲೇ ಇದು ಶುಲ್ಕ ನಿಯಮದಲ್ಲಿದೆ. ಆದ್ದರಿಂದ ಮೊದಲು ಹೇಳಬೇಕಾದ್ದು ಇಷ್ಟೇ: "ಟ್ಯಾಗ್ ಆ್ಯಕ್ಟಿವ್ ಇದೆ, ಬ್ಯಾಲೆನ್ಸ್ ನೋಡಿ ಇಲ್ಲಿದೆ. ಹ್ಯಾಂಡ್ ರೀಡರಲ್ಲಿ ಇನ್ನೊಂದ್ಸಲ ಹಿಡೀರಿ." ಮೇಲಿನ ರೀಡರ್ ಓದದ ಟ್ಯಾಗನ್ನು ಕೈಯಲ್ಲಿ ಹಿಡಿಯುವ ರೀಡರ್ ಎಷ್ಟೋ ಸಲ ಓದುತ್ತದೆ. ಅದೂ ಓದದಿದ್ದರೆ ಶಿಫ್ಟಿನ ಮೇಲ್ವಿಚಾರಕರನ್ನು ಕರೆಸಿ, ಅಲ್ಲಿಂದಲೇ 1033ಕ್ಕೆ ಕರೆ ಮಾಡಿ. ಅದು ಹೆದ್ದಾರಿಯ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ. ಹಿಂದೆ ಸಾಲು ಬೆಳೆಯುತ್ತಿದೆ, ನಿಂತು ವಾದ ಮಾಡುವ ಹೊತ್ತಲ್ಲ ಎನಿಸಿದರೆ ಯುಪಿಐನಲ್ಲಿ ಕಟ್ಟಿ. ಆದರೆ ಎರಡನ್ನು ಬಿಡಬೇಡಿ: ಪ್ಲಾಜಾ ಹೆಸರು, ಲೇನ್, ಸಮಯ, ಗಾಡಿ ನಂಬರ್ ಇರುವ ರಸೀದಿ, ಮತ್ತು ಆ ಕ್ಷಣದ ಬ್ಯಾಲೆನ್ಸ್ ತೋರಿಸುವ ಸ್ಕ್ರೀನ್‌ಶಾಟ್. ಇವೆರಡೂ ಇಲ್ಲದ ದೂರು ಮುಂದೆ ನಿಲ್ಲುವುದು ಕಷ್ಟ.

ಯಂತ್ರ ಓದದಿರುವುದಕ್ಕೆ ಟ್ಯಾಗ್ ಅಂಟಿಸಿದ ಜಾಗವೂ ಕಾರಣವಿರಬಹುದು. ಮುಂದಿನ ಗಾಜಿನ ಒಳಮೈಯಲ್ಲಿ, ಕನ್ನಡಿಯ ಹಿಂದೆ, ಮೇಲ್ಭಾಗದ ನಡುವೆ ಅಂಟಿಸಬೇಕು. ಗಾಜಿಗೆ ಲೋಹದ ಅಂಶವಿರುವ ಫಿಲ್ಮ್ ಇದ್ದರೆ ತರಂಗ ದಾಟುವುದಿಲ್ಲ. ಒಮ್ಮೆ ಕಿತ್ತ ಟ್ಯಾಗಿನೊಳಗಿನ ತೆಳು ಆಂಟೆನಾ ಹರಿದಿರುತ್ತದೆ, ಗಮ್ ಹಾಕಿ ಮತ್ತೆ ಅಂಟಿಸಿದರೂ ಅದು ಕೆಲಸಕ್ಕೆ ಬಾರದು. ಟ್ಯಾಗನ್ನು ಅಂಟಿಸದೆ ಡ್ಯಾಶ್‌ಬೋರ್ಡಿನಲ್ಲಿಟ್ಟು ಗೇಟಿನಲ್ಲಿ ಕೈಯೆತ್ತಿ ತೋರಿಸುವವರಿಗೆ ಇನ್ನೊಂದು ಅಪಾಯವಿದೆ: ಅಂಥ ಟ್ಯಾಗುಗಳನ್ನು ವರದಿ ಮಾಡಿ ಬ್ಲಾಕ್‌ಲಿಸ್ಟ್ ಮಾಡಿಸುವಂತೆ 2025ರ ಜುಲೈನಲ್ಲಿ ಟೋಲ್ ಸಂಸ್ಥೆಗಳಿಗೆ ಸೂಚನೆ ಹೋಗಿದೆ.

ಈಗ ಅವಧಿ ಮುಗಿಯುವ ದುಡ್ಡಿನ ವಿಷಯ. 2025ರ ಆಗಸ್ಟ್ 15ರಂದು 3,000 ರೂಪಾಯಿಯ ವಾರ್ಷಿಕ ಪಾಸ್ ಶುರುವಾಯಿತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಉಳಿದ ಟ್ರಿಪ್ ಮುಂದಿನ ವರ್ಷಕ್ಕೆ ಬರುವುದಿಲ್ಲ, ದುಡ್ಡು ವಾಪಸ್ ಇಲ್ಲ, ಬೇರೆ ಗಾಡಿಗೆ ವರ್ಗಾವಣೆಯೂ ಇಲ್ಲ. ಟ್ರಿಪ್ ಎಂದರೆ ಊರಿಗೆ ಹೋಗಿಬಂದದ್ದಲ್ಲ, ಒಂದು ಗೇಟ್ ದಾಟಿದರೆ ಒಂದು ಟ್ರಿಪ್. ದಾರಿಯಲ್ಲಿ ನಾಲ್ಕು ಗೇಟ್ ಇರುವ ಊರಿಗೆ ಹೋಗಿಬಂದರೆ ಎಂಟು ಟ್ರಿಪ್ ಖರ್ಚು. ಕೊಳ್ಳುವ ಮೊದಲು ಕಳೆದ ವರ್ಷದ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದು ಎಷ್ಟು ಗೇಟ್ ದಾಟಿದ್ದೀರಿ, ಎಷ್ಟು ದುಡ್ಡು ಹೋಗಿದೆ ಎಂದು ಲೆಕ್ಕ ಹಾಕಿ. ಯುಗಾದಿಗೆ, ದಸರೆಗೆ ಮಾತ್ರ ಊರಿಗೆ ಹೋಗುವವರಿಗೆ ಈ ಪಾಸ್ ನಷ್ಟವೇ.

ಇದರಲ್ಲಿ ಇನ್ನೂ ಒಂದು ತೊಡಕಿದೆ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ. ಬೆಂಗಳೂರಿನ ನೈಸ್ ರಸ್ತೆಯಲ್ಲಿ ಇಲ್ಲ, ರಾಜ್ಯ ಹೆದ್ದಾರಿಗಳಲ್ಲಿ ಇಲ್ಲ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ಇಲ್ಲ. ಅಲ್ಲೆಲ್ಲ ದುಡ್ಡು ಹೋಗುವುದು ಮಾಮೂಲಿ ವಾಲೆಟ್‌ನಿಂದ. ಪಾಸ್ ಇದೆಯಲ್ಲ ಎಂದು ವಾಲೆಟ್ ಖಾಲಿ ಬಿಟ್ಟವರು ಇಂಥ ಗೇಟಿನಲ್ಲೇ ಸಿಕ್ಕಿಬೀಳುತ್ತಾರೆ. ಹಳದಿ ಬೋರ್ಡಿನ ಗಾಡಿಗೆ ಈ ಪಾಸ್ ಇಲ್ಲ. ಚಾಸಿ ನಂಬರಿನ ಮೇಲೆ ಮಾತ್ರ ನೋಂದಣಿಯಾದ ಟ್ಯಾಗಿಗೂ ಸಿಗುವುದಿಲ್ಲ, ಮೊದಲು ಗಾಡಿ ನಂಬರ್ ಸೇರಿಸಿಕೊಂಡು ಬರಬೇಕು.

ಒಂದೇ ಪ್ಲಾಜಾದ ಮಾಸಿಕ ಪಾಸೂ ಹೀಗೆಯೇ. 50 ಸಲದ ಶುಲ್ಕದ ಮೂರನೇ ಎರಡು ಭಾಗ ಕಟ್ಟಿದರೆ 50 ಸಲ, ಅವಧಿ ಕಟ್ಟಿದ ದಿನದಿಂದ ಒಂದು ತಿಂಗಳು. ಅಂದರೆ 34 ಸಲಕ್ಕಿಂತ ಕಡಿಮೆ ಓಡಾಡಿದರೆ ನಿಮಗೆ ನಷ್ಟ. ಪ್ಲಾಜಾದಿಂದ 20 ಕಿಲೋಮೀಟರ್ ಒಳಗಿನ ನಿವಾಸಿಗಳು ಇದರ ಬದಲು ಸ್ಥಳೀಯರ ಮಾಸಿಕ ಪಾಸ್ ಕೇಳಬೇಕು. 2025–26ರಲ್ಲಿ ಅದು 350 ರೂಪಾಯಿ ಇತ್ತು, ವಾಣಿಜ್ಯೇತರ ಗಾಡಿಗೆ ಮಾತ್ರ.

ಹಳೆ ಟ್ಯಾಗಿನಲ್ಲಿ ಸಿಕ್ಕಿಕೊಂಡ ದುಡ್ಡನ್ನು ಹೋಯಿತೆಂದು ಬಿಡುವವರೇ ಹೆಚ್ಚು, ಬೇಸರವಾಗುವುದು ಇದಕ್ಕೇ. ಏಕೆಂದರೆ ಆ ದುಡ್ಡು ಹೋಗಿರುವುದಿಲ್ಲ. ರಿಸರ್ವ್ ಬ್ಯಾಂಕಿನ ಪ್ರಿಪೇಯ್ಡ್ ನಿಯಮಗಳ ಪ್ರಕಾರ ಕೊನೆಯ ಸಲ ಹಣ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ವಾಲೆಟ್ ಚಾಲ್ತಿಯಲ್ಲಿರಬೇಕು. ಒಂದು ವರ್ಷ ವ್ಯವಹಾರವೇ ಇಲ್ಲದಿದ್ದರೆ ನೋಟಿಸ್ ಕೊಟ್ಟು ನಿಷ್ಕ್ರಿಯಗೊಳಿಸಬಹುದು, ಆದರೆ ಗುರುತಿನ ಪರಿಶೀಲನೆಯ ನಂತರ ಮತ್ತೆ ಚಾಲೂ ಮಾಡಿಸಿಕೊಳ್ಳಬಹುದು. ಅವಧಿ ಮುಗಿದ ಮೇಲೆ ಕೇಳಿದರೂ ಉಳಿದ ಮೊತ್ತವನ್ನು ನಿಮ್ಮ ಬ್ಯಾಂಕ್ ಖಾತೆಗೆ ಕೊಡಬೇಕು.

2024ರ ಜನವರಿ 31ರ ರಿಸರ್ವ್ ಬ್ಯಾಂಕ್ ಆದೇಶದ ನಂತರ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಫಾಸ್ಟ್ಯಾಗ್‌ಗಳಿಗೆ ಮಾರ್ಚ್ 15ರಿಂದಾಚೆ ಹಣ ತುಂಬಲು ಆಗಲಿಲ್ಲ. ಇದ್ದ ಬ್ಯಾಲೆನ್ಸ್ ಮುಗಿಯುವವರೆಗೆ ಬಳಸಬಹುದಿತ್ತು, ಬೇರೆ ಬ್ಯಾಂಕಿನ ಟ್ಯಾಗಿಗೆ ಸಾಗಿಸಲು ಆಗುತ್ತಿರಲಿಲ್ಲ. ಟ್ಯಾಗ್ ಮುಚ್ಚಿಸಿ ಹಣ ವಾಪಸ್ ಕೇಳಬೇಕಿತ್ತು. ಎಷ್ಟೋ ಜನ ಹೊಸ ಟ್ಯಾಗ್ ಅಂಟಿಸಿ ಹಳೆಯದನ್ನು ಮರೆತೇಬಿಟ್ಟರು.

ಯಾವ ಬ್ಯಾಂಕಿನದಾದರೂ ಕ್ರಮ ಒಂದೇ. ಟ್ಯಾಗ್ ಕೊಟ್ಟ ಬ್ಯಾಂಕಿಗೆ 'ಟ್ಯಾಗ್ ಮುಚ್ಚಿ, ಉಳಿದ ಬ್ಯಾಲೆನ್ಸ್ ಮತ್ತು ಭದ್ರತಾ ಠೇವಣಿ ಎರಡನ್ನೂ ವಾಪಸ್ ಕೊಡಿ' ಎಂದು ಬರವಣಿಗೆಯಲ್ಲಿ ಕೇಳಿ. ಠೇವಣಿಯ ಹೆಸರನ್ನು ನೀವೇ ಎತ್ತಬೇಕು, ಬ್ಯಾಲೆನ್ಸ್ ಮಾತ್ರ ಕೇಳಿ ಅದನ್ನು ಮರೆಯುವವರು ಬಹಳ. ಟ್ಯಾಗಿನ ನೂರು ರೂಪಾಯಿ ಬೆಲೆ ಮಾತ್ರ ವಾಪಸ್ ಬರುವುದಿಲ್ಲ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಇದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

ಗಾಡಿ ಮನೆಮುಂದೆ ನಿಂತಿದ್ದಾಗ ಯಾವುದೋ ಊರಿನ ಗೇಟಿನಲ್ಲಿ ದುಡ್ಡು ಕಟ್ ಆದ ಮೆಸೇಜ್ ಬರುವುದೂ ಉಂಟು. ಮೊದಲು ಮೆಸೇಜಿನೊಳಗಿನ ವ್ಯವಹಾರದ ಸಮಯ ನೋಡಿ, ಮೆಸೇಜ್ ಬಂದ ಸಮಯವನ್ನಲ್ಲ. ನಿನ್ನೆ ದಾಟಿದ ಗೇಟಿನ ಹಣ ಇವತ್ತು ಕಟ್ ಆಗುವುದುಂಟು. ನಿಜವಾಗಿಯೂ ದಾಟಿಲ್ಲವೆಂದರೆ, ಗೇಟಿನಲ್ಲಿ ಯಾರದೋ ಗಾಡಿ ನಂಬರನ್ನು ಕೈಯಲ್ಲಿ ಒತ್ತುವಾಗ ಒಂದು ಅಂಕಿ ತಪ್ಪಿ ನಿಮ್ಮದಾಗಿರಬಹುದು. ಇಂಥ ತಪ್ಪು ಕಡಿತ ಸಾಬೀತಾದರೆ ಪ್ರತಿ ಪ್ರಕರಣಕ್ಕೆ ಟೋಲ್ ವಸೂಲಿಗಾರರಿಗೆ ಒಂದು ಲಕ್ಷ ರೂಪಾಯಿ ದಂಡವಿದೆ. ಆದ್ದರಿಂದ ಬ್ಯಾಂಕಿಗೆ ದೂರು ಕೊಟ್ಟು ಸುಮ್ಮನಾಗಬೇಡಿ, 1033ಕ್ಕೂ ತಿಳಿಸಿ, ಆ ವ್ಯವಹಾರದ ಗಾಡಿ ಚಿತ್ರ ಕೇಳಿ.

ಸಣ್ಣ ಸರಕು ಗಾಡಿ ಇಟ್ಟವರು ಟ್ಯಾಗಿನ ವರ್ಗವನ್ನೂ ನೋಡಿಕೊಳ್ಳಬೇಕು. ಕಾರು, ಜೀಪಿನದು ವರ್ಗ 4, ಟಾಟಾ ಏಸ್‌ನಂಥ ಗಾಡಿಗಳದು ವರ್ಗ 20, ಲಘು ವಾಣಿಜ್ಯ ವಾಹನದ್ದು ವರ್ಗ 5. ನೋಂದಣಿಯ ವೇಳೆ ಏಜೆಂಟ್ ಅವಸರದಲ್ಲಿ 5 ಎಂದು ಒತ್ತಿದ್ದರೆ ಪ್ರತಿ ಗೇಟಿನಲ್ಲೂ ಹೆಚ್ಚು ಹೋಗುತ್ತಿರುತ್ತದೆ. ಆರ್‌ಸಿ ಪ್ರತಿ ಕೊಟ್ಟು ಬ್ಯಾಂಕಿನಲ್ಲೇ ತಿದ್ದಿಸಬೇಕು. ಹಾಗೆಯೇ ಒಂದೇ ಪ್ಲಾಜಾದಲ್ಲಿ 24 ಗಂಟೆಯೊಳಗೆ ವಾಪಸ್ ಬಂದರೆ ಒಟ್ಟು ಒಂದೂವರೆ ಪಟ್ಟು ಮಾತ್ರ ಹೋಗಬೇಕು: ಹೋಗುವಾಗ ಪೂರ್ತಿ, ಬರುವಾಗ ಅರ್ಧ. ಬರುವಾಗಲೂ ಪೂರ್ತಿ ಹೋಗಿದ್ದರೆ ಅದೂ ದೂರು ಕೊಡುವ ವಿಷಯವೇ.

ಮುಂದಿನ ಗಾಜು ಒಡೆದು ಬದಲಿಸಿದಾಗ ಹೊಸ ಬ್ಯಾಂಕಿನ ಟ್ಯಾಗ್ ಕೊಳ್ಳಬೇಡಿ. ಅದೇ ಬ್ಯಾಂಕಿನಲ್ಲಿ ಬದಲಿ ಟ್ಯಾಗ್ ಕೇಳಿ, ವಾಲೆಟ್ ಹಾಗೇ ಮುಂದುವರಿಯುತ್ತದೆ. ಗಾಡಿ ಮಾರುವವರು ಕೀಲಿ ಕೊಡುವ ದಿನವೇ ಗಾಜಿನ ಮೇಲಿನ ಟ್ಯಾಗ್ ಕಿತ್ತು, ಬ್ಯಾಂಕಿನಲ್ಲೂ ಮುಚ್ಚಿಸಿ. ಇಲ್ಲದಿದ್ದರೆ ಕೊಂಡವರು ಹುಬ್ಬಳ್ಳಿಗೆ ಹೋದಾಗ ಕಟ್ ಆಗುವುದು ನಿಮ್ಮ ವಾಲೆಟ್‌ನ ದುಡ್ಡು.